ಎಸ್ಸೆಸ್ಸೆಲ್ಸಿ ಮುಗೀತು, ಮಗ ಐಟಿಐ ಅಂತಾನೆ: ಮುಂದಿನ ದಾರಿ ಮುಚ್ಚಿ ಹೋಗುತ್ತಾ?

ಪ್ರಶ್ನೆ: ನಾವು ಮುಂಡರಗಿ ತಾಲೂಕಿನ ರೈತರು. ಆರು ಎಕರೆ ಹೊಲ, ಒಂದು ಬೋರ್‌ವೆಲ್ ಇದೆ. ಮಗ ಕನ್ನಡ ಮಾಧ್ಯಮದಲ್ಲಿ ಓದಿ ಎಸ್ಸೆಸ್ಸೆಲ್ಸಿಯಲ್ಲಿ ಶೇ. 66 ತೆಗೆದಿದ್ದಾನೆ. ಗಣಿತದಲ್ಲಿ 52. ರಜೆ ಬಂದರೆ ಸಾಕು, ಮೋಟರ್ ರಿವೈಂಡಿಂಗ್ ಅಂಗಡಿಯಲ್ಲೇ ಇರುತ್ತಾನೆ. ಐಟಿಐ ಎಲೆಕ್ಟ್ರಿಷಿಯನ್ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾನೆ. ನಮ್ಮ ಮಾವನವರು ‘ಐಟಿಐಗೆ ಫೇಲ್ ಆದವ್ರು ಹೋಗ್ತಾರ, ಧಾರವಾಡದಾಗ ಪಿಯುಸಿ ಸೈನ್ಸ್ ಹಚ್ರಿ’ ಅಂತಾರೆ. ನನ್ನ ತಮ್ಮ ‘ಸರಕಾರಿ ಪಾಲಿಟೆಕ್ನಿಕ್‌ನಾಗ ಕಲಿಸೋರ ಇಲ್ಲ, ಸಾಲ ಮಾಡಿ ಖಾಸಗಿಗೆ ಹಾಕು’ ಅಂತಾನೆ. ಅಮೆರಿಕದಲ್ಲಿರುವ ಸಂಬಂಧಿಕರ ಹುಡುಗ ಫೋನ್ ಮಾಡಿದಾಗ, ಅಲ್ಲಿ ಸಾಮಾನ್ಯ ಮನೆಯ ಮಕ್ಕಳು ಮೊದಲು ಕಮ್ಯುನಿಟಿ ಕಾಲೇಜಿಗೆ ಹೋಗಿ ಆಮೇಲೆ ಯೂನಿವರ್ಸಿಟಿ ಸೇರುತ್ತಾರೆ, ಖರ್ಚು ಕಡಿಮೆ ಅಂದ. ಅಂಥದ್ದು ನಮ್ಮಲ್ಲಿ ಇದೆಯಾ? ಒಮ್ಮೆ ಐಟಿಐ ಸೇರಿದರೆ ಮುಂದೆ ಎಂಜಿನಿಯರಿಂಗ್ ಓದೋಕೆ ಆಗಲ್ವಾ? ವರ್ಷಕ್ಕೆ ಮೂವತ್ತು ನಲವತ್ತು ಸಾವಿರಕ್ಕಿಂತ ಜಾಸ್ತಿ ನಮ್ಮಿಂದ ಆಗದು.

ಉತ್ತರ: ನಮಸ್ಕಾರ್ರೀ. ನಿಮ್ಮ ಪತ್ರದಲ್ಲಿ ಪ್ರಶ್ನೆ ಹಲವು, ಚಿಂತೆ ಒಂದೇ. ಈಗ ಹಿಡಿಯುವ ದಾರಿ ತಪ್ಪಾದರೆ ಮಗ ಅಲ್ಲೇ ಉಳಿದುಬಿಡುತ್ತಾನಾ ಅಂತ. ನಾನು ಸರಕಾರಿ ಪಾಲಿಟೆಕ್ನಿಕ್‌ಗಳಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿ ಪಾಠ ಮಾಡಿ, ಆಮೇಲೆ ಪ್ರಾಂಶುಪಾಲನಾಗಿ ಕೆಲಸ ಮಾಡಿದವನು. ಪ್ರತಿ ವರ್ಷ ಫಲಿತಾಂಶ ಬಂದ ಮೇಲೆ ಇದೇ ಚಿಂತೆ ಹೊತ್ತುಕೊಂಡು ಎಷ್ಟೋ ತಂದೆತಾಯಿ ಬರುತ್ತಿದ್ದರು. ಅವರಿಗೆ ಹೇಳುತ್ತಿದ್ದ ಮೊದಲ ಮಾತನ್ನೇ ನಿಮಗೂ ಹೇಳುತ್ತೇನೆ: ಐಟಿಐ ಸೇರಿದರೆ ಎಂಜಿನಿಯರಿಂಗ್ ಬಾಗಿಲು ಮುಚ್ಚುವುದಿಲ್ಲ.

ಲೆಕ್ಕ ಹಾಕೋಣ. ಪಿಯುಸಿ ಎರಡು ವರ್ಷ, ಬಿಇ ನಾಲ್ಕು ವರ್ಷ. ಒಟ್ಟು ಆರು. ಎಸ್ಸೆಸ್ಸೆಲ್ಸಿ ಆದ ಕೂಡಲೇ ಡಿಪ್ಲೊಮಾ ಸೇರಿದರೆ ಮೂರು ವರ್ಷ. ಆಮೇಲೆ ಡಿಪ್ಲೊಮಾ ಮುಗಿಸಿದವರಿಗೆ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಪ್ರವೇಶ, ಇನ್ನು ಮೂರು ವರ್ಷ. ಇದೂ ಆರು. ಈಗ ಮಗ ಕೇಳುವ ದಾರಿ ನೋಡಿ. ಐಟಿಐ ಎಲೆಕ್ಟ್ರಿಷಿಯನ್ ಎರಡು ವರ್ಷ. ಎರಡು ವರ್ಷದ ಐಟಿಐ ಪಾಸಾದವರು ಅದಕ್ಕೆ ಹೊಂದುವ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಅಲ್ಲಿ ಎರಡು ವರ್ಷ, ಆಮೇಲೆ ಬಿಇ ಮೂರು ವರ್ಷ. ಒಟ್ಟು ಏಳು. ವ್ಯತ್ಯಾಸ ಒಂದೇ ಒಂದು ವರ್ಷ. ಆ ಒಂದು ವರ್ಷಕ್ಕೆ ಬದಲಾಗಿ ಐಟಿಐ ಸರ್ಟಿಫಿಕೇಟು, ಡಿಪ್ಲೊಮಾ, ಡಿಗ್ರಿ ಮೂರೂ ಕೈಯಲ್ಲಿರುತ್ತವೆ. ನಡುವೆ ಎಲ್ಲಿ ನಿಂತರೂ ಹೊಟ್ಟೆಪಾಡಿಗೆ ಒಂದು ಕೆಲಸ ಇರುತ್ತದೆ. ಈ ಲೆಕ್ಕವನ್ನು ಮಾವನವರಿಗೆ ಒಂದು ಹಾಳೆಯಲ್ಲಿ ಬರೆದು ತೋರಿಸಿ.

‘ಫೇಲ್ ಆದವರು ಹೋಗುತ್ತಾರೆ’ ಅನ್ನುವ ಮಾತು ಬಂದಿದ್ದಕ್ಕೂ ಕಾರಣ ಇದೆ. ಐಟಿಐಯ ಕೆಲವು ಟ್ರೇಡ್‌ಗಳಿಗೆ, ಅಂದರೆ ಕಸುಬಿನ ವಿಭಾಗಗಳಿಗೆ, ಎಂಟನೇ ತರಗತಿ ಪಾಸಾದವರೂ ಸೇರಬಹುದು. ವೆಲ್ಡರ್, ವೈರ್‌ಮನ್ ಅಂಥವು. ಅದನ್ನೇ ನೋಡಿದವರು ಇಡೀ ಐಟಿಐಗೆ ಆ ಹೆಸರು ಕಟ್ಟಿದರು. ಎಲೆಕ್ಟ್ರಿಷಿಯನ್, ಫಿಟ್ಟರ್‌ಗೆ ವಿಜ್ಞಾನ, ಗಣಿತ ಓದಿ ಹತ್ತನೇ ತರಗತಿ ಪಾಸಾಗಿರಲೇಬೇಕು. ಸೀಟು ಕೊಡುವುದು ಅಂಕದ ಮೇಲೆ. ಸರಕಾರಿ ಐಟಿಐಗಳಲ್ಲಿ ಈ ಎರಡು ಟ್ರೇಡ್‌ಗೆ ನೂಕುನುಗ್ಗಲು ಇರುತ್ತದೆ. ಶೇ. 66 ಇದ್ದರೂ ಬೇಕಾದ ಕಡೆ ಸೀಟು ಸಿಕ್ಕೇ ಸಿಗುತ್ತದೆ ಅಂತ ಮಾತು ಕೊಡಲು ಬರುವುದಿಲ್ಲ. ಅಂದಮೇಲೆ ಅದು ಫೇಲಾದವರ ಜಾಗ ಹೇಗಾಗುತ್ತದೆ?

ಇನ್ನು ಅಮೆರಿಕದ ಮಾತು. ನಿಮ್ಮ ಸಂಬಂಧಿಕರ ಹುಡುಗ ಹೇಳಿದ್ದು ಸರಿ. ಅಲ್ಲಿ ಇಂಥ ಮೊದಲ ಸಾರ್ವಜನಿಕ ಕಾಲೇಜು ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ 1901ರಲ್ಲಿ ಶುರುವಾಯಿತು. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಬಂದಾಗ ಅವರಿಗೆ ಓದು ಬೇಕಾಯಿತು, ಕೆಲಸ ಬೇಕಾಯಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗ ಇಂಥ ಕಾಲೇಜುಗಳು ದೇಶದ ತುಂಬ ಆಗಬೇಕು ಅಂತ ಹೇಳಿತು. ಎರಡು ವರ್ಷದ ಓದು. ಸೇರಲು ದೊಡ್ಡ ಅಂಕ ಬೇಡ. ವೆಲ್ಡಿಂಗ್ ಕಲಿಯುವವನೂ, ಮುಂದೆ ಯೂನಿವರ್ಸಿಟಿಗೆ ಹೋಗುವವನೂ ಒಂದೇ ಆವರಣದಲ್ಲಿ ಓದುತ್ತಾರೆ. ಇಲ್ಲಿ ಕಲಿತದ್ದನ್ನು ಯೂನಿವರ್ಸಿಟಿ ಲೆಕ್ಕಕ್ಕೆ ಹಿಡಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಬಹಳ ಕಡೆ ಆ ಕಾಲೇಜು ನಡೆಯುವುದು ಆ ಊರಿನವರ ಆಸ್ತಿ ತೆರಿಗೆಯ ದುಡ್ಡಿನಲ್ಲಿ, ಊರಿನವರೇ ಆರಿಸಿದ ಮಂಡಳಿಯ ಕೈಯಲ್ಲಿ.

ಅದೇ ಹೆಸರು ನಮ್ಮಲ್ಲೂ ಬಂತು. 2009ರಲ್ಲಿ ದೂರಶಿಕ್ಷಣ ಕೊಡುವ ಇಗ್ನೋ ವಿಶ್ವವಿದ್ಯಾಲಯ ಕಮ್ಯುನಿಟಿ ಕಾಲೇಜುಗಳ ಯೋಜನೆ ತಂದಿತು. ಅದು ಹೆಚ್ಚು ದಿನ ಬಾಳಲಿಲ್ಲ. ಆಮೇಲೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತನ್ನದೇ ಯೋಜನೆ ಮಾಡಿ, ಇರುವ ಡಿಗ್ರಿ ಕಾಲೇಜುಗಳಿಗೇ ಅನುದಾನ ಕೊಟ್ಟು ಸಣ್ಣ ಕೋರ್ಸ್‌ಗಳನ್ನು ಶುರು ಮಾಡಿಸಿತು. ಯೋಜನೆಯ ದುಡ್ಡು ಇರುವಷ್ಟು ದಿನ ಅತಿಥಿ ಉಪನ್ಯಾಸಕರು, ದುಡ್ಡು ನಿಂತರೆ ಕೋರ್ಸೂ ನಿಂತಿತು. ನೌಕರಿಯ ಜಾಹೀರಾತಿನಲ್ಲಿ ಆ ಸರ್ಟಿಫಿಕೇಟಿನ ಹೆಸರೇ ಇಲ್ಲದಿದ್ದರೆ ಮಕ್ಕಳು ಯಾಕೆ ಬರುತ್ತಾರೆ? ಆದ್ದರಿಂದ ಕಮ್ಯುನಿಟಿ ಕಾಲೇಜು ಅನ್ನುವ ಬೋರ್ಡು ಹುಡುಕಿಕೊಂಡು ಅಲೆಯಬೇಡಿ. ಅದು ಮಾಡುವ ಕೆಲಸ ನಮ್ಮಲ್ಲಿ ಐಟಿಐ, ಪಾಲಿಟೆಕ್ನಿಕ್, ಡಿಸಿಇಟಿ ಅಂತ ಮೂರು ಕಡೆ ಹಂಚಿಹೋಗಿದೆ. ಅವು ಒಂದಕ್ಕೊಂದು ಕೂಡಿಕೊಂಡಿವೆ ಅನ್ನುವುದು ಹಳ್ಳಿಯ ತಂದೆತಾಯಿಗೆ ಗೊತ್ತಾಗುವುದೇ ಇಲ್ಲ. ನನಗೆ ಬಹಳ ಬೇಸರ ತರುವ ವಿಷಯ ಇದು.

ಯಾಕೆ ಹೀಗಾಯಿತು? ನಮ್ಮ ಭಾಗದಲ್ಲಿ ಕಾಲೇಜು ಅಂದರೆ ಮೊದಲಿನಿಂದಲೂ ಡಿಗ್ರಿ. ಧಾರವಾಡದ ಕರ್ನಾಟಕ ಕಾಲೇಜು 1917ರದು. ಕೈಕೆಲಸ ಕಲಿಸಿದ ದೊಡ್ಡ ಜಾಗ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್. ಅದು 1880ರ ದಶಕದಲ್ಲೇ, ಸದರ್ನ್ ಮರಾಠಾ ರೈಲ್ವೆಯ ಕಾಲದಲ್ಲೇ ಶುರುವಾಗಿತ್ತು. ಒಂದು ಕಡೆ ಓದಿದವರು ಕಾರಕೂನರು, ಮಾಸ್ತರರು, ವಕೀಲರು ಆದರು. ಇನ್ನೊಂದು ಕಡೆ ಕಲಿತವರು ಫಿಟ್ಟರ್, ಬಾಯ್ಲರ್ ಕೆಲಸದವರು ಆದರು. ಹುಬ್ಬಳ್ಳಿಯಲ್ಲಿ ಬಿವಿಬಿ ಎಂಜಿನಿಯರಿಂಗ್ ಕಾಲೇಜು ಬಂದದ್ದು 1947ರಲ್ಲಿ. ದೇಶದಲ್ಲಿ ಐಟಿಐ ತರಬೇತಿ ಯೋಜನೆ ಶುರುವಾದದ್ದು 1950ರಲ್ಲಿ. ಅವೆರಡರ ನಡುವೆ ಓಡಾಡುವ ದಾರಿ ಬಹಳ ತಡವಾಗಿ ತೆರೆಯಿತು. ಜನರ ಮನಸ್ಸಿನಲ್ಲಿ ಮಾತ್ರ ಹಳೆಯ ಗೋಡೆ ಹಾಗೇ ನಿಂತಿದೆ. ಈಗ ಧಾರವಾಡಕ್ಕೆ ಐಐಟಿಯೂ ಬಂದಿದೆ, 2016ರಲ್ಲಿ. ಸಂತೋಷವೇ. ಆದರೆ ನಮ್ಮ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಹೆಚ್ಚಿನ ಮಕ್ಕಳಿಗೆ ಬೇಕಾದದ್ದು ಬಸ್ಸಿನ ದೂರದಲ್ಲಿರುವ, ಮಾಸ್ತರು ಇರುವ, ಮಷಿನು ತಿರುಗುವ ಒಂದು ಪಾಲಿಟೆಕ್ನಿಕ್.

ಇಲ್ಲಿ ನಿಮ್ಮ ತಮ್ಮನ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಸರಕಾರಿ ಪಾಲಿಟೆಕ್ನಿಕ್‌ಗಳಲ್ಲಿ ಕಾಯಂ ಉಪನ್ಯಾಸಕರ ಹುದ್ದೆ ಖಾಲಿ ಬಿದ್ದಿರುವುದು ನಿಜ. ನಿವೃತ್ತರಾದವರ ಜಾಗಕ್ಕೆ ನೇಮಕಾತಿ ವರ್ಷಗಟ್ಟಲೆ ಆಗುವುದಿಲ್ಲ. ಅತಿಥಿ ಉಪನ್ಯಾಸಕರು ಬರುವುದರೊಳಗೆ ಸೆಮಿಸ್ಟರ್ ಅರ್ಧ ಆಗಿರುತ್ತದೆ. ಮಷಿನ್ ಕೊಳ್ಳಲು ದುಡ್ಡು ಬರುತ್ತದೆ, ಅದನ್ನು ರಿಪೇರಿ ಮಾಡಿಸಲು ಬರುವುದಿಲ್ಲ. ನಾನಿದ್ದ ಒಂದು ಕಡೆ ಸಣ್ಣ ಮೋಟರ್ ಸುಟ್ಟು ಒಳ್ಳೆಯ ಲೇಥ್ (ಲೋಹ ಕಡೆಯುವ ಮಷಿನ್) ತಿಂಗಳುಗಟ್ಟಲೆ ಸುಮ್ನೆ ನಿಂತಿತ್ತು. ಊರಿನ ಯಾವ ಅಂಗಡಿಯಲ್ಲಾದರೂ ಎರಡು ದಿನದಲ್ಲಿ ಆಗುವ ಕೆಲಸ. ಫೈಲು ಬೆಂಗಳೂರಿಗೆ ಹೋಗಿ ಬರಬೇಕಿತ್ತು. ಅಮೆರಿಕದ ಕಾಲೇಜಿಗೂ ನಮ್ಮದಕ್ಕೂ ಇರುವ ನಿಜವಾದ ಅಂತರ ಇದು ಅಂತ ನನ್ನ ನಂಬಿಕೆ. ಅಲ್ಲಿ ಊರಿನವರು ಕೇಳುತ್ತಾರೆ, ಕಾಲೇಜು ಉತ್ತರ ಕೊಡಬೇಕಾಗುತ್ತದೆ. ನಮ್ಮಲ್ಲಿ ಕೇಳುವವರಿಲ್ಲ. ನಮ್ಮ ಜನಕ್ಕೆ ಇದು ಬಾರದ ವಿದ್ಯೆ ಏನಲ್ಲ. ನಿಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಊರಿನವರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದ್ದರು. ಊರಿನ ದುಡ್ಡನ್ನು ಊರಿನವರೇ ನೋಡಿಕೊಂಡ ನೆಲ ಇದು. ಸರಕಾರಿ ಪಾಲಿಟೆಕ್ನಿಕ್‌ನ ಬಾಗಿಲಿಗೂ ಹೋಗಿ ‘ಲೇಥ್ ಯಾಕೆ ನಿಂತಿದೆ’ ಅಂತ ಕೇಳುವ ಹಕ್ಕು ತಂದೆತಾಯಿಗೆ ಇದೆ.

ಹಾಗಂತ ಖಾಸಗಿ ಅಂದ ಮಾತ್ರಕ್ಕೆ ಒಳ್ಳೆಯದು ಅಂದುಕೊಳ್ಳಬೇಡಿ. ಚೆನ್ನಾಗಿ ನಡೆಸುವ ಹಳೆಯ ಸಂಸ್ಥೆಗಳು ಹುಬ್ಬಳ್ಳಿ ಧಾರವಾಡದಲ್ಲೂ, ಗದಗ ಹಾವೇರಿಯಲ್ಲೂ ಇವೆ. ಎರಡು ಕೋಣೆ, ಕಬ್ಬಿಣ ಬಿಗಿದು ಹಿಡಿಯುವ ನಾಲ್ಕು ವೈಸ್, ಒಂದು ದೊಡ್ಡ ಬೋರ್ಡು ಇಟ್ಟುಕೊಂಡು ಫೀ ವಸೂಲು ಮಾಡುವವೂ ಇವೆ. ಸರಕಾರಿ ಇರಲಿ, ಖಾಸಗಿ ಇರಲಿ, ಸೇರಿಸುವ ಮುಂಚೆ ನೀವು ಮತ್ತು ಮಗ ಒಂದು ಕೆಲಸದ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೇಳದೆ ಕೇಳದೆ ಹೋಗಿ. ಆಫೀಸಿನಲ್ಲಿ ಕೂರಬೇಡಿ, ವರ್ಕ್‌ಶಾಪ್ ತೋರಿಸಿ ಅನ್ನಿ.

ಅಲ್ಲಿ ನೋಡಬೇಕಾದದ್ದು ಇಷ್ಟು. ಲೇಥ್ ಕೆಳಗಿನ ತಟ್ಟೆಯಲ್ಲಿ ಕಬ್ಬಿಣದ ಹೊಸ ಸುರುಳಿಗಳು ಬಿದ್ದಿವೆಯಾ? ಬಿದ್ದಿದ್ದರೆ ಮಕ್ಕಳು ನಿನ್ನೆ ಮೊನ್ನೆ ಕೆಲಸ ಮಾಡಿದ್ದಾರೆ ಅಂತ ಅರ್ಥ. ಲೇಥಿನ ಬೆಡ್ ಮೇಲೆ ಬೆರಳಾಡಿಸಿ. ಎಣ್ಣೆ ಅಂಟಿದರೆ ಸರಿ, ಕೆಂಪು ತುಕ್ಕು ಅಂಟಿದರೆ ಆ ಮಷಿನ್ ತಿರುಗಿ ಬಹಳ ದಿನ ಆಗಿದೆ. ಎಲೆಕ್ಟ್ರಿಕಲ್ ಲ್ಯಾಬಿಗೆ ಹೋದರೆ ಪ್ಯಾನೆಲ್ ಬೋರ್ಡಿನ ಟರ್ಮಿನಲ್‌ಗಳನ್ನು ನೋಡಿ. ಮಕ್ಕಳು ವೈರು ಕಟ್ಟಿ ಬಿಚ್ಚಿ ಮಾಡುವ ಕಡೆ ಸ್ಕ್ರೂಗಳ ತಲೆ ಸವೆದಿರುತ್ತದೆ. ಹತ್ತು ವರ್ಷದ ಬೋರ್ಡಿನ ಸ್ಕ್ರೂ ಹೊಸದರ ಹಾಗೆ ಹೊಳೆಯುತ್ತಿದ್ದರೆ ಅದು ತಪಾಸಣೆಯವರಿಗೆ ತೋರಿಸಲು ಇಟ್ಟದ್ದು. ಎರಡನೇ ವರ್ಷದ ಒಬ್ಬ ಹುಡುಗನನ್ನು ಪಕ್ಕಕ್ಕೆ ಕರೆದು, ಮೋಟರ್ ಚಾಲು ಮಾಡುವ ಸ್ಟಾರ್ ಡೆಲ್ಟಾ ಸ್ಟಾರ್ಟರ್ ನೀನೇ ಜೋಡಿಸಿದ್ದೀಯಾ ಅಂತ ನಿಮ್ಮ ಮಗನಿಂದಲೇ ಕೇಳಿಸಿ. ಅಂಗಡಿಯಲ್ಲಿ ಕೂತು ಕಲಿತ ಹುಡುಗನಿಗೆ ಆ ಉತ್ತರ ನಿಜವೋ ಸುಳ್ಳೋ ಗೊತ್ತಾಗುತ್ತದೆ. ಪ್ರಾಸ್ಪೆಕ್ಟಸ್ ಓದಿದರೆ ಇದ್ಯಾವುದೂ ತಿಳಿಯುವುದಿಲ್ಲ.

ಖಾಸಗಿ ಐಟಿಐ ಆದರೆ ಇನ್ನೊಂದು ಎಚ್ಚರ. ಎನ್‌ಸಿವಿಟಿ (ವೃತ್ತಿ ತರಬೇತಿಯ ರಾಷ್ಟ್ರೀಯ ಮಂಡಳಿ) ಮಾನ್ಯತೆ ಆ ಸಂಸ್ಥೆಗೆ ಇದ್ದರೆ ಸಾಲದು, ನಿಮ್ಮ ಮಗನ ಟ್ರೇಡಿಗೆ ಇರಬೇಕು. ರೈಲ್ವೆಯಲ್ಲಿ ಅಪ್ರೆಂಟಿಸ್ ಆಗಿ, ಅಂದರೆ ಅಲ್ಲೇ ಕೆಲಸ ಮಾಡುತ್ತ ಕಲಿಯಲು, ಅರ್ಜಿ ಹಾಕುವಾಗ ಆ ಸರ್ಟಿಫಿಕೇಟು ಕೇಳುತ್ತಾರೆ.

ಈಗ ನಿಮ್ಮ ಮಗನ ಮುಂದೆ ಇರುವ ದಾರಿಗಳು.

ಪಿಯುಸಿ ಸೈನ್ಸ್ ಕೆಟ್ಟದ್ದಲ್ಲ. ಗಣಿತ, ಭೌತಶಾಸ್ತ್ರ ಇಷ್ಟಪಟ್ಟು ಓದುವ ಮಕ್ಕಳಿಗೆ ಅದೇ ಸರಿ. ಆದರೆ ಗಣಿತದಲ್ಲಿ 52 ತೆಗೆದ, ಕೈಯಲ್ಲಿ ಸ್ಪ್ಯಾನರ್ ಇದ್ದರೆ ಊಟ ಮರೆಯುವ ಹುಡುಗನನ್ನು ಕೋಚಿಂಗ್ ಸೇರಿದ ಪಿಯುಸಿಗೆ ಹಾಕಿದರೆ ಅಪಾಯ ಜಾಸ್ತಿ. ಖರ್ಚು ನಿಮ್ಮ ಮಿತಿಯನ್ನು ಮೊದಲ ಕಂತಿನಲ್ಲೇ ದಾಟಬಹುದು. ದ್ವಿತೀಯ ಪಿಯುಸಿಯಲ್ಲಿ ಎಡವಿದರೆ ಎರಡು ವರ್ಷ ಕಳೆದರೂ ಕೈಯಲ್ಲಿ ಎಸ್ಸೆಸ್ಸೆಲ್ಸಿ ಮಾತ್ರ ಉಳಿಯುತ್ತದೆ. ಸೈನ್ಸ್ ಪಾಸಾದರೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರುವ ಅವಕಾಶ ಅಲ್ಲೂ ಇದೆ. ಆದರೆ ಅದಕ್ಕೆ ಪಾಸಾಗಬೇಕಲ್ವಾ?

ಸರಕಾರಿ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ನನ್ನ ಮೊದಲ ಆಯ್ಕೆ. ಫೀ ವರ್ಷಕ್ಕೆ ಕೆಲವು ಸಾವಿರ ಅಷ್ಟೇ. ಹಾಸ್ಟೆಲ್ ಸಿಕ್ಕರೆ ನಿಮ್ಮ ಮಿತಿಯೊಳಗೆ ಆರಾಮಾಗಿ ಆಗುತ್ತದೆ. ಕೆಪಿಟಿಸಿಎಲ್ ಮತ್ತು ಹೆಸ್ಕಾಂನಂಥ ವಿದ್ಯುತ್ ಕಂಪನಿಗಳ ಜೂನಿಯರ್ ಎಂಜಿನಿಯರ್ ಹುದ್ದೆಗೆ ಕೇಳುವುದು ಎಲೆಕ್ಟ್ರಿಕಲ್ ಡಿಪ್ಲೊಮಾನೇ. (ಲೈನ್‌ಮನ್ ಆಗಲು ಐಟಿಐ ಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಈಗ ಕಿರಿಯ ಪವರ್‌ಮ್ಯಾನ್ ಅಂತ ಕರೆಯುವ ಆ ಹುದ್ದೆಯ ನೇಮಕಾತಿ ಎಸ್ಸೆಸ್ಸೆಲ್ಸಿ ಅಂಕ ಮತ್ತು ಕಂಬ ಹತ್ತುವ ಪರೀಕ್ಷೆಯ ಮೇಲೆ ನಡೆದಿದೆ.) ಕಪ್ಪತಗುಡ್ಡದ ಕಡೆ ನಿಂತಿರುವ ಗಾಳಿಯಂತ್ರಗಳನ್ನು ನೀವು ದಿನಾ ನೋಡುತ್ತೀರಿ. ಅವನ್ನು ನೋಡಿಕೊಳ್ಳುವುದೂ ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಕಲಿತ ಹುಡುಗರೇ.

ಇದರ ಅಪಾಯ ಮೊದಲ ವರ್ಷದಲ್ಲಿದೆ. ಪಾಠ, ಪುಸ್ತಕ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಎಂಜಿನಿಯರಿಂಗ್ ಗಣಿತ ಕೂಡಲೇ ಶುರುವಾಗುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ಮೊದಲ ಸೆಮಿಸ್ಟರಿನಲ್ಲಿ ಒಂದೆರಡು ವಿಷಯದಲ್ಲಿ ಫೇಲಾಗಿ, ನಾಚಿಕೊಂಡು, ಯಾರಿಗೂ ಹೇಳದೆ ಊರಿಗೆ ಹೋಗಿಬಿಡುತ್ತಾರೆ. ಬುದ್ಧಿವಂತ ಹುಡುಗರು ಹೀಗೆ ಹೋದದ್ದನ್ನು ನೋಡಿ ಬಹಳ ನೊಂದಿದ್ದೇನೆ. ಫೇಲಾದ ವಿಷಯವನ್ನು ಮುಂದೆ ಬರೆದು ಪಾಸ್ ಮಾಡಬಹುದು, ಅದು ದೊಡ್ಡ ಸಂಗತಿಯೇ ಅಲ್ಲ. ಈ ಮಾತನ್ನು ಮಗನಿಗೆ ಸೇರಿಸುವ ದಿನವೇ ಹೇಳಿ. ಕಾಲೇಜು ಶುರುವಾಗುವ ಮುಂಚೆ ಸಿಗುವ ವಾರಗಳಲ್ಲಿ ಭಿನ್ನರಾಶಿ, ಸಮೀಕರಣ, ತ್ರಿಕೋನಮಿತಿ ಇವಿಷ್ಟನ್ನು ಊರಿನ ಗಣಿತ ಮಾಸ್ತರರ ಹತ್ತಿರ ಗಟ್ಟಿ ಮಾಡಿಸಿ. ಉಳಿದದ್ದು ತಾನಾಗಿ ಬರುತ್ತದೆ.

ನಿಮ್ಮ ಮಗ ಕೇಳಿದ ಸರಕಾರಿ ಐಟಿಐ ಎರಡನೇ ಆಯ್ಕೆ, ಅದೂ ಸಣ್ಣ ಅಂತರದಲ್ಲಿ. ನೀವು ನೋಡಿ ಬಂದ ಪಾಲಿಟೆಕ್ನಿಕ್‌ನ ವರ್ಕ್‌ಶಾಪ್ ತುಕ್ಕು ಹಿಡಿದಿದ್ದು, ಐಟಿಐಯಲ್ಲಿ ಕೆಲಸ ನಡೆದಿದ್ದರೆ ಐಟಿಐಗೇ ಹಾಕಿ. ಕೆಟ್ಟ ಡಿಪ್ಲೊಮಾಗಿಂತ ಒಳ್ಳೆಯ ಐಟಿಐ ಮೇಲು. ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ರಾಜ್ಯ ಸರಕಾರ 150 ಸರಕಾರಿ ಐಟಿಐಗಳಿಗೆ ಹೊಸ ಮಷಿನ್ ಹಾಕಿಸಿದೆ. ಸಿಎನ್‌ಸಿ, ರೋಬೋಟಿಕ್ಸ್, ಎಲೆಕ್ಟ್ರಿಕ್ ವಾಹನ ರಿಪೇರಿಯಂಥ ಹೊಸ ಕೋರ್ಸ್‌ಗಳು ಬಂದಿವೆ. ಒಂದು ಮಾತು ನೆನಪಿಡಿ. ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಪ್ರವೇಶ ಬೇಕು ಅಂದರೆ ಐಟಿಐ ಎರಡು ವರ್ಷದ್ದೇ ಆಗಿರಬೇಕು. ಬೇಗ ಮುಗಿಯುತ್ತದೆ ಅಂತ ಒಂದು ವರ್ಷದ ಟ್ರೇಡ್ ಸೇರಿದರೆ ಆ ಅವಕಾಶ ಹೋಗುತ್ತದೆ.

ಐಟಿಐ ಮುಗಿದ ಮೇಲೆ ಅಪ್ರೆಂಟಿಸ್ ಬಿಡಬೇಡಿ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ 30 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಡೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 2019ರ ನಿಯಮದಲ್ಲಿ ತಿಂಗಳಿಗೆ ಕನಿಷ್ಠ ಸ್ಟೈಪೆಂಡ್ ಐಟಿಐ ಆದವರಿಗೆ 7,000, ಡಿಪ್ಲೊಮಾ ಆದವರಿಗೆ 8,000 ರೂಪಾಯಿ ಅಂತ ಇಟ್ಟರು. ನೈರುತ್ಯ ರೈಲ್ವೆ ಹುಬ್ಬಳ್ಳಿ ವರ್ಕ್‌ಶಾಪ್‌ಗೆ ಅಪ್ರೆಂಟಿಸ್ ಕರೆಯುವಾಗ ಪರೀಕ್ಷೆ ಇಡುವುದಿಲ್ಲ, ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕ ಕೂಡಿಸಿ ಪಟ್ಟಿ ಮಾಡುತ್ತದೆ. ಹಾಗಾಗಿ ಐಟಿಐ ಅಂಕವನ್ನು ಹಗುರಾಗಿ ನೋಡಬಾರದು. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ, ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕಾರ್ಖಾನೆಗಳಲ್ಲೂ ಕೇಳಿ. ವಾಲ್ವ್ ತಯಾರಿಸುವ ಕಾರ್ಖಾನೆಗಳಿಗೆ ಹುಬ್ಬಳ್ಳಿ ಹೆಸರಾದ ಊರು.

ಜಿಟಿಟಿಸಿ (ಸರಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಡೆನ್ಮಾರ್ಕ್ ಸರಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರಕಾರಿ ಸಂಸ್ಥೆ ಅದು. ಹುಬ್ಬಳ್ಳಿಯಲ್ಲೂ ಕೇಂದ್ರ ಇದೆ. ಟೂಲ್ ಅಂಡ್ ಡೈ ಮೇಕಿಂಗ್ (ಕಾರ್ಖಾನೆಯ ಉಪಕರಣ, ಅಚ್ಚು ತಯಾರಿಸುವ) ಡಿಪ್ಲೊಮಾ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಮಷಿನ್ ಮುಂದೆ ನಿಲ್ಲಿಸಿ ಚೆನ್ನಾಗಿ ಕಲಿಸುತ್ತಾರೆ. ಆದರೆ ಫೀ ಸರಕಾರಿ ಪಾಲಿಟೆಕ್ನಿಕ್‌ಗಿಂತ ಜಾಸ್ತಿ, ಅದೂ ಅಲ್ಲದೆ ಅದು ಲೋಹದ ಕೆಲಸ. ಮೋಟರ್ ಬಿಟ್ಟು ಡೈ ಕಡೆ ಮಗನಿಗೆ ಮನಸ್ಸಿದೆಯಾ ಅಂತ ಅವನನ್ನೇ ಕೇಳಿ.

ಸಾಲ ಮಾಡಿ ಖಾಸಗಿ ಡಿಪ್ಲೊಮಾ ಬೇಡ. ಸಾಲ ಮಾಡುವುದೇ ಆದರೆ ಅದನ್ನು ಬಿಇಗೆ ಇಟ್ಟುಕೊಳ್ಳಿ. ಆ ಹೊತ್ತಿಗೆ ಡಿಸಿಇಟಿಯಲ್ಲಿ ಒಳ್ಳೆಯ ರ್‍ಯಾಂಕ್ ಬಂದರೆ ಹಾವೇರಿಯ ದೇವಗಿರಿಯಲ್ಲಿರುವ ಸರಕಾರಿ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಕಡಿಮೆ ಫೀಸಿನಲ್ಲೇ ಓದಬಹುದು.

ಮಾಡಬೇಕಾದ ಕೆಲಸ ಈಗಲೇ ಶುರು ಮಾಡಿ. ಗ್ರಾಮೀಣ ವ್ಯಾಸಂಗ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರಗಳಿಗೆ ಹೆಡ್‌ಮಾಸ್ತರರ ಸಹಿ, ಬಿಇಒ ಮೇಲುಸಹಿ ಹಾಕಿಸಿ ಇಟ್ಟುಕೊಳ್ಳಿ. ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ನಾಡಕಚೇರಿಗೆ ಹೋಗಿ. ಸೀಟು ಸಿಕ್ಕ ಮೇಲೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕಿ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಐಟಿಐ, ಡಿಪ್ಲೊಮಾ ಓದುವ ರೈತರ ಗಂಡುಮಕ್ಕಳಿಗೆ ವರ್ಷಕ್ಕೆ 2,500, ಹೆಣ್ಣುಮಕ್ಕಳಿಗೆ 3,000 ರೂಪಾಯಿ ಇಟ್ಟಿದ್ದರು. ಹೊಲದ ಪಹಣಿ ಯಾರ ಹೆಸರಿನಲ್ಲಿದೆ ಅನ್ನುವುದು ಅಲ್ಲಿ ಮುಖ್ಯ, ಅದನ್ನೂ ನೋಡಿಕೊಳ್ಳಿ. ಹಿಂದುಳಿದ ವರ್ಗ ಅಥವಾ ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗೆ ಬೇರೆಯೇ ಅರ್ಜಿ, ಬೇರೆಯೇ ಕೊನೆಯ ದಿನಾಂಕ ಇರುತ್ತದೆ. ಸೀಟು ಸಿಕ್ಕಿತು ಅಂತ ಸುಮ್ಮನಿದ್ದು ಹಾಸ್ಟೆಲ್ ತಪ್ಪಿಸಿಕೊಂಡವರು ಬಹಳ ಜನ.

ಐಟಿಐ, ಡಿಪ್ಲೊಮಾ ಎರಡಕ್ಕೂ ಅರ್ಜಿ ಹಾಕಿ. ಎರಡೂ ಬೇರೆ ಬೇರೆ ಇಲಾಖೆ, ಪಟ್ಟಿಗಳು ಬೇರೆ ಬೇರೆ ದಿನ ಬರುತ್ತವೆ. ನಡುವೆ ಯಾರಾದರೂ ‘ಸೀಟು ಹಿಡಿದಿಡುತ್ತೇವೆ, ಮಾರ್ಕ್ಸ್ ಕಾರ್ಡು ಮತ್ತು ಟಿಸಿ ಕೊಟ್ಟು ಹೋಗಿ’ ಅಂದರೆ ಕೊಡಬೇಡಿ. ಮೂಲ ದಾಖಲೆ ಒಮ್ಮೆ ಅವರ ಕಪಾಟು ಸೇರಿದರೆ, ಪೂರ್ತಿ ಫೀ ಕಟ್ಟುವವರೆಗೆ ವಾಪಸ್ ಕೊಡದೆ ಸತಾಯಿಸುತ್ತಾರೆ. ಅಷ್ಟರಲ್ಲಿ ಸರಕಾರಿ ಪಟ್ಟಿಯ ದಿನ ಮುಗಿದಿರುತ್ತದೆ. ಝೆರಾಕ್ಸ್ ಕೊಡಿ, ಮೂಲ ನಿಮ್ಮ ಹತ್ತಿರವೇ ಇರಲಿ.